ಇನ್‌ಸ್ಟಾಲ್ ಆಯ್ತು, ಆದ್ರೆ ಎಲ್ಲಿ? ಲಿನಕ್ಸ್‌ನಲ್ಲಿ ಹೊಸ ಫೈಲ್ ಹುಡುಕುವ ಪಾಠ

ಲಿನಕ್ಸ್‌ನಲ್ಲಿ ಒಂದು ಸಾಫ್ಟ್‌ವೇರ್ ಹಾಕಿದರೆ ಅದರ ಫೈಲ್‌ಗಳೆಲ್ಲ ಒಂದೇ ಫೋಲ್ಡರ್‌ನಲ್ಲಿ ಕೂರಲ್ಲ. ಪ್ರೋಗ್ರಾಂ ಒಂದು ಕಡೆ, ಲೈಬ್ರರಿ ಇನ್ನೊಂದು ಕಡೆ, ಸೆಟ್ಟಿಂಗ್ಸ್ ಮತ್ತೊಂದು ಕಡೆ. ಹಾಗಾಗಿ "ಈಗ ಹಾಕಿದ್ದು ಎಲ್ಲಿ ಹೋಯ್ತು?" ಅನ್ನೋ ಪ್ರಶ್ನೆ ಎಲ್ಲರಿಗೂ ಒಂದಲ್ಲ ಒಂದು ದಿನ ಬರುತ್ತೆ. ಇದಕ್ಕೆ ಉತ್ತರ ಗೊತ್ತಿಲ್ಲದಿದ್ರೆ ತೆಗೆಯೋಕೂ ಆಗಲ್ಲ, ಕೆಟ್ಟಾಗ ರಿಪೇರಿ ಮಾಡೋಕೂ ಆಗಲ್ಲ. ಸುಡೋ ಕೊಟ್ಟು ಓಡಿಸಿದ ಸ್ಕ್ರಿಪ್ಟ್ ನಮ್ಮ ಮಷೀನ್‌ನಲ್ಲಿ ಏನೇನು ಬಿಟ್ಟು ಹೋಯ್ತು ಅಂತಾನೂ ತಿಳಿಯಲ್ಲ.

ಒಂದು ಮಾತು: ಕಮಾಂಡ್‌ಗಳನ್ನು ನಾವು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೀವಿ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೀವಿ.

ಎಲ್ಲರಿಗೂ ಮೊದಲು ಹೊಳೆಯೋ ಉಪಾಯ

ಉಬುಂಟುವಿನಲ್ಲಿ ಕೌಸೇ ಅನ್ನೋ ಪುಟ್ಟ ಪ್ಯಾಕೇಜ್ ಇದೆ. ಹಸುವಿನ ಚಿತ್ರ ಬರೆದು ಅದರ ಬಾಯಲ್ಲಿ ನಾವು ಕೊಟ್ಟ ಮಾತು ಆಡಿಸುತ್ತೆ. ಅದನ್ನು ಇನ್‌ಸ್ಟಾಲ್ ಮಾಡಿ, ತಕ್ಷಣ ಹೀಗೆ ಕೊಡಿ:

ಫೈಂಡ್ /ಯುಎಸ್‌ಆರ್ -ಎಂಮಿನ್ -10 -ಟೈಪ್ ಎಫ್

ಕಳೆದ 10 ನಿಮಿಷದಲ್ಲಿ ಬದಲಾದ ಫೈಲ್‌ಗಳನ್ನು ತೋರಿಸು ಅಂತ ಇದರ ಅರ್ಥ. ಆದರೆ ಕೌಸೇ ಫೈಲ್‌ಗಳು ಇದರಲ್ಲಿ ಕಾಣಲ್ಲ! ಇನ್‌ಸ್ಟಾಲ್ ಸರಿಯಾಗೇ ಆಗಿದೆ, ಹಸುವೂ ಮಾತಾಡುತ್ತೆ. ಹಾಗಾದ್ರೆ ಯಾಕೆ?

ಉಪ್ಪಿನಕಾಯಿ ಜಾಡಿಯ ಎರಡು ತಾರೀಖು

ಊರಿಂದ ಅಮ್ಮ ಉಪ್ಪಿನಕಾಯಿ ಕಳಿಸ್ತಾರೆ. ಅದನ್ನು ಹಾಕಿದ್ದು ಏಪ್ರಿಲ್‌ನಲ್ಲಿ, ಹಾಸ್ಟೆಲ್ ರೂಮಿಗೆ ಬಂದಿದ್ದು ಇವತ್ತು. "ಇವತ್ತು ಹಾಕಿದ ಉಪ್ಪಿನಕಾಯಿ ಯಾವುದು?" ಅಂತ ಕೇಳಿದರೆ ಈ ಜಾಡಿ ಲೆಕ್ಕಕ್ಕೆ ಸಿಗಲ್ಲ. "ಇವತ್ತು ಕಪಾಟಿಗೆ ಬಂದದ್ದು ಯಾವುದು?" ಅಂತ ಕೇಳಬೇಕು.

ಫೈಲ್‌ಗೂ ಹೀಗೇ ಎರಡು ತಾರೀಖು ಇರುತ್ತೆ. ಒಂದು ಎಂಟೈಮ್: ಒಳಗಿನ ವಿಷಯ ಕೊನೆಗೆ ಬದಲಾದ ಸಮಯ. ಪ್ಯಾಕೇಜ್ ತಯಾರಿಸಿದವರು ಹಾಕಿದ ಹಳೇ ಎಂಟೈಮ್ ಅನ್ನೇ ಡಿಪಿಕೆಜಿ ಹಾಗೇ ಉಳಿಸಿಕೊಳ್ಳುತ್ತೆ, ಅದು ಎಷ್ಟೋ ತಿಂಗಳು ಅಥವಾ ವರ್ಷ ಹಿಂದಿನದಾಗಿರಬಹುದು. ಎರಡನೆಯದು ಸಿಟೈಮ್. ಇಲ್ಲಿ ಸಿ ಅಂದ್ರೆ ಕ್ರಿಯೇಷನ್ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ. ಅದು ಚೇಂಜ್. ಫೈಲ್‌ನ ವಿಷಯವಾಗಲಿ, ಪರ್ಮಿಷನ್ ಆಗಲಿ, ಮಾಲೀಕರಾಗಲಿ ಬದಲಾದಾಗ ಕರ್ನಲ್ ತಾನೇ ಈ ತಾರೀಖು ಬರೆಯುತ್ತೆ. ಎಂಟೈಮನ್ನು ಟಚ್ ಕಮಾಂಡ್‌ನಿಂದ ನಮಗೆ ಬೇಕಾದ ಹಾಗೆ ಇಡಬಹುದು. ಸಿಟೈಮಿಗೆ ಅಂಥ ಕಮಾಂಡ್ ಇಲ್ಲ. ಸಿಸ್ಟಂ ಗಡಿಯಾರವನ್ನೇ ತಿರುಗಿಸಿದರೆ ಬೇರೆ ಮಾತು.

ಆದ್ದರಿಂದ ಎಂ ಬದಲು ಸಿ ಹಾಕಿ:

ಫೈಂಡ್ /ಯುಎಸ್‌ಆರ್ -ಸಿಮಿನ್ -10 -ಟೈಪ್ ಎಫ್

ಈಗ ಸಿಗುತ್ತೆ. ಪ್ರೋಗ್ರಾಂ ಇರೋದು /ಯುಎಸ್‌ಆರ್/ಗೇಮ್ಸ್ ಒಳಗೆ, ಹಸುವಿನ ಚಿತ್ರಗಳು /ಯುಎಸ್‌ಆರ್/ಶೇರ್/ಕೌಸೇ ಒಳಗೆ. ಯಾವುದೇ ಫೈಲ್‌ನ ಎರಡೂ ತಾರೀಖು ಒಟ್ಟಿಗೆ ನೋಡಬೇಕಂದ್ರೆ ಸ್ಟಾಟ್ ಅಂತ ಬರೆದು ಮುಂದೆ ಫೈಲ್ ಹೆಸರು ಕೊಡಿ.

ಪ್ಯಾಕೇಜ್ ಮ್ಯಾನೇಜರ್‌ನ ರಿಜಿಸ್ಟರ್

ಎಪಿಟಿ ಮೂಲಕ ಹಾಕಿದ್ದಾದ್ರೆ ಹುಡುಕೋ ಅಗತ್ಯಾನೇ ಇಲ್ಲ, ಕೇಳಿದ್ರೆ ಸಾಕು. ಡಿಪಿಕೆಜಿ -ಎಲ್ ಕೌಸೇ ಅಂತ ಕೊಡಿ, ಎಲ್ ಮಾತ್ರ ದೊಡ್ಡಕ್ಷರ. ಆ ಪ್ಯಾಕೇಜ್‌ನ ಫೈಲ್‌ಗಳ ಪಟ್ಟಿ ಬರುತ್ತೆ. ಉಲ್ಟಾ ಪ್ರಶ್ನೆ, ಅಂದ್ರೆ ಈ ಫೈಲ್ ಯಾವ ಪ್ಯಾಕೇಜ್‌ನದು ಅಂತ ಕೇಳೋಕೆ ಡಿಪಿಕೆಜಿ -ಎಸ್, ಎಸ್ ಕೂಡ ದೊಡ್ಡಕ್ಷರವೇ. ಯಾವತ್ತು ಏನು ಬಂತು ಅನ್ನೋದು /ವಾರ್/ಲಾಗ್/ಡಿಪಿಕೆಜಿ.ಲಾಗ್ ಫೈಲ್‌ನಲ್ಲಿದೆ. ಫೆಡೋರಾ ಬಳಸುವವರಿಗೆ ಆರ್‌ಪಿಎಂ -ಕ್ಯುಎಲ್ ಫೈಲ್ ಪಟ್ಟಿ ಕೊಡುತ್ತೆ, ಆರ್‌ಪಿಎಂ -ಕ್ಯುಎ --ಲಾಸ್ಟ್ ಹೊಸದರಿಂದ ಹಳೆಯದಕ್ಕೆ ಪ್ಯಾಕೇಜ್‌ಗಳನ್ನು ಸಾಲಾಗಿ ತೋರಿಸುತ್ತೆ.

ಆದರೆ ರಿಜಿಸ್ಟರ್‌ನಲ್ಲಿರೋದು ಪ್ಯಾಕೇಜ್ ಒಳಗೇ ಬಂದ ಫೈಲ್‌ಗಳು ಮಾತ್ರ. ಇನ್‌ಸ್ಟಾಲ್ ಆದ್ಮೇಲೆ ಓಡುವ ಸ್ಕ್ರಿಪ್ಟ್ ಹೊಸದಾಗಿ ಮಾಡಿದ ಫೈಲ್‌ಗಳು ಅಲ್ಲಿ ಸಾಮಾನ್ಯವಾಗಿ ಇರಲ್ಲ. ಅವನ್ನು ಹಿಡಿಯೋದು ಸಿಟೈಮೇ.

ರಿಜಿಸ್ಟರ್ ಇಲ್ಲದ ಕಡೆ

ನಿಜವಾದ ತೊಂದರೆ ಶುರುವಾಗೋದು ಸೋರ್ಸ್ ಕೋಡ್ ತಂದು ಸುಡೋ ಮೇಕ್ ಇನ್‌ಸ್ಟಾಲ್ ಕೊಟ್ಟಾಗ. ಈ ಫೈಲ್‌ಗಳು ಸಾಮಾನ್ಯವಾಗಿ /ಯುಎಸ್‌ಆರ್/ಲೋಕಲ್ ಒಳಗೆ ಹೋಗುತ್ತವೆ, ಆದರೆ ಡಿಪಿಕೆಜಿಗೆ ಇವುಗಳ ಸುಳಿವೇ ಇಲ್ಲ. ಉಬುಂಟುವಿನ ಪಾತ್ ಪಟ್ಟಿಯಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಮೊದಲು ಬರುತ್ತೆ, /ಯುಎಸ್‌ಆರ್/ಬಿನ್ ಆಮೇಲೆ. ಅಂದ್ರೆ ಮರೆತುಹೋದ ಒಂದು ಹಳೇ ಪೈಥಾನ್ ಅಲ್ಲಿ ಕೂತಿದ್ರೆ ನೀವು ಸಿಸ್ಟಂ ಅನ್ನು ಎಷ್ಟು ಸಲ ಅಪ್‌ಡೇಟ್ ಮಾಡಿದ್ರೂ ಓಡೋದು ಆ ಹಳೇದೇ. ಅನುಮಾನ ಬಂದ್ರೆ ಟೈಪ್ -ಎ ಪೈಥಾನ್3 ಅಂತ ಕೊಡಿ, ಒಂದೇ ಹೆಸರಿನವು ಎಲ್ಲೆಲ್ಲಿವೆ ಅಂತ ಗೊತ್ತಾಗುತ್ತೆ.

ಇಂಥ ಇನ್‌ಸ್ಟಾಲ್‌ಗೆ ಮೊದಲೇ ಒಂದು ಗುರುತು ಇಟ್ಟುಬಿಡಿ:

ಟಚ್ ~/ಗುರುತು

ಇನ್‌ಸ್ಟಾಲ್ ಮುಗಿದ ತಕ್ಷಣ:

ಸುಡೋ ಫೈಂಡ್ /ಯುಎಸ್‌ಆರ್ /ಇಟಿಸಿ /ಆಪ್ಟ್ /ವಾರ್ -ಎಕ್ಸ್‌ಡೆವ್ -ಸಿನ್ಯೂಯರ್ ~/ಗುರುತು -ಟೈಪ್ ಎಫ್

ಗುರುತು ಇಟ್ಟ ನಂತರ ಬಂದ ಅಥವಾ ಬದಲಾದ ಫೈಲ್‌ಗಳೆಲ್ಲ ಬರುತ್ತವೆ. ಎಷ್ಟು ನಿಮಿಷ ಆಯ್ತು ಅಂತ ಲೆಕ್ಕ ಹಾಕೋ ಗೋಜೂ ಇಲ್ಲ. ಎಕ್ಸ್‌ಡೆವ್ ಹಾಕಿದ್ರೆ ಹುಡುಕಾಟ ಮೌಂಟ್ ಆಗಿರೋ ಬೇರೆ ಫೈಲ್ ಸಿಸ್ಟಂಗಳಿಗೆ ಇಳಿಯಲ್ಲ. ಟೈಪ್ ಎಫ್ ಮಾಮೂಲಿ ಫೈಲ್ ಮಾತ್ರ ತೋರಿಸುತ್ತೆ. ಲೈಬ್ರರಿಗಳ ಜೊತೆ ಬರುವ ಲಿಂಕ್‌ಗಳೂ ಬೇಕಿದ್ರೆ ಅದನ್ನು ತೆಗೆದುಬಿಡಿ.

ಪಟ್ಟಿಯಲ್ಲಿ ಬಂದದ್ದೆಲ್ಲ ಆ ಸಾಫ್ಟ್‌ವೇರ್‌ದೇ ಅಂದುಕೊಂಡು ಕಣ್ಣುಮುಚ್ಚಿ ಡಿಲೀಟ್ ಮಾಡಬೇಡಿ. ಅದೇ ಹೊತ್ತಲ್ಲಿ ಹಿನ್ನೆಲೆಯಲ್ಲಿ ಅಪ್‌ಡೇಟ್ ನಡೆದಿರಬಹುದು, ಲಾಗ್ ಫೈಲ್‌ಗಳಂತೂ ಸದಾ ಬದಲಾಗ್ತಾನೇ ಇರುತ್ತವೆ. ಅನುಮಾನ ಇರೋ ಫೈಲನ್ನು ಡಿಪಿಕೆಜಿ -ಎಸ್‌ಗೆ ಕೊಟ್ಟು ನೋಡಿ. ಅದು ಯಾವುದಾದರೂ ಪ್ಯಾಕೇಜ್ ಹೆಸರು ಹೇಳಿದ್ರೆ ಮುಟ್ಟಬೇಡಿ.

ಸಿಮೇಕ್ ಬಳಸಿದ ಪ್ರಾಜೆಕ್ಟ್ ಆದ್ರೆ ಬಿಲ್ಡ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್_ಮ್ಯಾನಿಫೆಸ್ಟ್.ಟಿಎಕ್ಸ್‌ಟಿ ಅನ್ನೋ ಫೈಲ್ ಸಿಗುತ್ತೆ. ಹಾಕಿದ ಪ್ರತಿ ಫೈಲ್‌ನ ದಾರಿ ಅದರಲ್ಲಿ ಬರೆದಿರುತ್ತೆ. ಹಾಗಾಗಿ ಇನ್‌ಸ್ಟಾಲ್ ಆದ ಕೂಡಲೇ ಬಿಲ್ಡ್ ಫೋಲ್ಡರ್ ಅಳಿಸಬೇಡಿ.

ಮುಂದಿನ ಸಲ ಸುಡೋ ಟೈಪ್ ಮಾಡೋಕೆ ಮುಂಚೆ ಒಂದು ಟಚ್ ಕೊಡಿ. ಎರಡು ಸೆಕೆಂಡಿನ ಕೆಲಸ. ಫೈಂಡ್ ಕೊಟ್ಟ ಪಟ್ಟಿಯನ್ನು ಒಂದು ಫೈಲ್‌ನಲ್ಲಿ ಉಳಿಸಿಟ್ಟರೆ, ಆರು ತಿಂಗಳಾದ ಮೇಲೂ ಆ ಸಾಫ್ಟ್‌ವೇರನ್ನು ಪೂರ್ತಿ ತೆಗೆಯೋ ದಾರಿ ನಿಮ್ಮ ಕೈಯಲ್ಲಿರುತ್ತೆ.