ಪ್ರೋಗ್ರಾಮಿಂಗ್ ವೃತ್ತಿಯಲ್ಲಿ ಮೊದಲ ಕೆಲಸ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ವಾಚಕರು ಕೇಳಿರಬಹುದು. ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಪಡೆದು ಹೊರಬಂದ ನಮ್ಮ ಹಳೆಯ ವಿದ್ಯಾರ್ಥಿಗಳ ಸ್ಥಿತಿಯೂ ಇಂತಹುದೇ. ಅನುಭವವಿಲ್ಲದವರಿಗೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವ ಬರುವಂತಿಲ್ಲ. ಈ ತೊಡಕನ್ನು ಬಿಡಿಸುವ ಬಗೆಯನ್ನು ಕುರಿತು ನಾವು ಕಂಡು ಕೇಳಿ ತಿಳಿದುದನ್ನು ಮಕ್ಕಳಿಗೂ ತಾಯ್ತಂದೆಯರಿಗೂ ಇಲ್ಲಿ ನಿವೇದಿಸುತ್ತೇವೆ.

ಎರಡು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಶಾಲೆಗೆ ಬಂದು, "ಮಾಷ್ಟ್ರೇ, ಎಂಬತ್ತು ಸಾವಿರ ಕಟ್ಟಿದರೆ ತರಬೇತಿಯೂ ಕೆಲಸವೂ ಖಂಡಿತ ಎನ್ನುತ್ತಾರೆ. ಇದ್ದ ಅಡಿಕೆ ಮಾರಿ ಕಟ್ಟಲೋ?" ಎಂದು ಕೇಳಿದರು. ಒಡನೆ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. ಅದಕ್ಕೂ ಹಿಂದೆ ಹೀಗೆಯೇ ಕೇಳಿದ ಇನ್ನೊಬ್ಬರಿಗೆ, ವಿಷಯವನ್ನರಿಯದೆ, "ಕಟ್ಟಿ" ಎಂದಿದ್ದೆವು. ಮೂರು ತಿಂಗಳ ಬಳಿಕ ಅವರ ಮಗನ ಕೈಗೆ ಬಂದುದು ಒಂದು ಪ್ರಮಾಣಪತ್ರ ಮಾತ್ರ; ಆ ಕಚೇರಿಗೆ ಬೀಗ ಬಿದ್ದಿತ್ತು. ಕೆಲಸ ಕೊಡುವವರು ಸಂಬಳ ಕೊಡಬೇಕೇ ಹೊರತು ಹಣ ಕೇಳಬಾರದು ಎಂದು ಈ ಬಾರಿ ಹೇಳಿ ಕಳುಹಿಸಿದೆವು. ಆದರೆ ಹುಡುಗಿ ಮಾಡಬೇಕಾದುದೇನು?

ವಿಚಾರಿಸಲಾಗಿ ನಮಗೆ ತಿಳಿದುದಿಷ್ಟು. ಕಂಪನಿಯವರು ಅನುಭವವೆಂದು ಕೇಳುವುದು ಇವರಿಂದ ಕೆಲಸ ನಡೆದೀತೆಂಬುದಕ್ಕೆ ಸಾಕ್ಷ್ಯವನ್ನು. ಆ ಸಾಕ್ಷ್ಯವನ್ನು ಮನೆಯಲ್ಲಿ ಕುಳಿತೂ ಸಿದ್ಧಪಡಿಸಬಹುದು. ಆಕೆ ತನ್ನ ಊರಿನ ಹಾಲಿನ ಸೊಸೈಟಿಯ ಲೆಕ್ಕವನ್ನು ಆಯ್ದುಕೊಂಡಳು. ಬೆಳಿಗ್ಗೆ, ಸಂಜೆ ಅಳೆದ ಹಾಲು, ಅದರ ಜಿಡ್ಡಿನ ಅಂಶ, ದರ, ವಾರದ ಪಾವತಿ, ಇವಿಷ್ಟನ್ನು ನಡೆಸುವ ಪ್ರೋಗ್ರಾಮನ್ನು ಪೈಥಾನ್ ಭಾಷೆಯಲ್ಲಿ ಬರೆದಳು. ಮೊದಲ ವಾರವೇ ಅದು ನಡುವೆ ನಿಂತುಹೋಯಿತು. ಒಬ್ಬ ಸದಸ್ಯರ ಹಸು ಹಾಲು ಬತ್ತಿದ್ದುದರಿಂದ ಅವರ ಒಟ್ಟು ಹಾಲು ಸೊನ್ನೆ. ಸರಾಸರಿಗಾಗಿ ಸೊನ್ನೆಯಿಂದ ಭಾಗಿಸಲು ಹೋದುದೇ ದೋಷ. ಪಠ್ಯಪುಸ್ತಕದ ಹಸುಗಳು ಎಂದೂ ಹಾಲು ಬತ್ತಿಸಿಕೊಳ್ಳುವುದಿಲ್ಲವಷ್ಟೆ!

ಈ ತಿದ್ದುಪಡಿಗಳನ್ನೆಲ್ಲ ಆಕೆ ಗಿಟ್ ಎಂಬ ಸಾಧನದಿಂದ ದಾಖಲಿಸಿದಳು. ಲಿನಕ್ಸ್ ಕರ್ತೃವಾದ ಲೈನಸ್ ಟೋರ್ವಾಲ್ಡ್ಸ್ 2005ರಲ್ಲಿ ಇದನ್ನು ನಿರ್ಮಿಸಿದರು. ಯಾವ ದಿನ ಯಾವ ಸಾಲನ್ನು ಏಕೆ ಬದಲಿಸಿದೆವೆಂಬುದು ಇದರಲ್ಲಿ ಉಳಿಯುತ್ತದೆ. ಬಳಿಕ ಸದಸ್ಯರ ನಿಜನಾಮಗಳನ್ನು ತೆಗೆದು ಕಲ್ಪಿತ ಹೆಸರುಗಳನ್ನಿಟ್ಟು, ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರಿಸಿದಳು.

ಇನ್ನು ಸಂದರ್ಶನ. ಅಲ್ಲಿ ಕೇಳುವ ಪ್ರಶ್ನೆಯ ಮಾದರಿಯೊಂದನ್ನು ಮಕ್ಕಳು ಈಗಲೇ ಬಿಡಿಸಿನೋಡಬಹುದು. ಸಾವಿರ ಸಂಖ್ಯೆಗಳ ಪಟ್ಟಿಯಲ್ಲಿ ಯಾವುದಾದರೂ ಎರಡು ಬಾರಿ ಬಂದಿದೆಯೇ? ಪ್ರತಿಯೊಂದನ್ನೂ ಉಳಿದೆಲ್ಲವುಗಳೊಡನೆ ಹೋಲಿಸುತ್ತ ಹೋದರೆ 1000ವನ್ನು 999ರಿಂದ ಗುಣಿಸಿ ಎರಡರಿಂದ ಭಾಗಿಸಿದಷ್ಟು, ಅಂದರೆ 4,99,500 ಹೋಲಿಕೆಗಳವರೆಗೆ ಬೇಕಾದೀತು. ಕಂಡ ಸಂಖ್ಯೆಯನ್ನು ಒಂದು ಕೋಷ್ಟಕದಲ್ಲಿ ಗುರುತಿಸುತ್ತ, ಮುಂದಿನದು ಅಲ್ಲಿ ಈಗಾಗಲೇ ಇದೆಯೇ ಎಂದು ನೋಡುತ್ತ ಹೋದರೆ ಪಟ್ಟಿಯನ್ನು ಒಮ್ಮೆ ಓದಿದರೆ ಸಾಕು. ಆದರೆ ಕೋಷ್ಟಕಕ್ಕೆ ಹೆಚ್ಚಿನ ಸ್ಥಳ ಬೇಕು. ಉತ್ತರದಷ್ಟೇ ಈ ಲಾಭನಷ್ಟದ ವಿವರಣೆಯನ್ನೂ ಪರೀಕ್ಷಕರು ಗಮನಿಸುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಅಂಜುವುದು ಇಲ್ಲಿಯೇ. ತರ್ಕವನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ, ಅನಂತರ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳುವ ಅಭ್ಯಾಸವನ್ನು ನಾವು ಆಕೆಗೆ ಮಾಡಿಸಿದೆವು.

ಸುಳ್ಳು ಅನುಭವಪತ್ರವನ್ನು ಕೊಂಡುಕೊಳ್ಳುವವರೂ ಉಂಟು. ಭವಿಷ್ಯನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ 2014ರಲ್ಲಿ ಜಾರಿಗೆ ಬಂದಂದಿನಿಂದ, ಅದರಡಿ ದುಡಿದವರ ಸಂಸ್ಥೆಯೂ ಅವಧಿಯೂ ದಾಖಲೆಯಲ್ಲಿರುತ್ತವೆ. ಸುಳ್ಳು ಹೊರಬೀಳಲು ತಡವಿಲ್ಲ. ಅದಕ್ಕಿಂತ 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗಿರುವ ಒಂದು ವರ್ಷದ ತರಬೇತಿಗೆ ಪ್ರಯತ್ನಿಸುವುದು ಲೇಸು. ಅಲ್ಲಿ ವೇತನ ಅಲ್ಪ, ಆದರೆ ದೊರೆಯುವ ಪತ್ರ ನಿಜವಾದುದು.

ಹುಡುಗಿ ಹತ್ತು ಕಡೆ ತಿರಸ್ಕೃತಳಾಗಿ, ಹನ್ನೊಂದನೆಯ ಕಡೆ ಕೊಚ್ಚಿಯಲ್ಲಿ ಆಯ್ಕೆಯಾದಳು. ದೊರೆತುದು ಬೇರೆಯವರ ಪ್ರೋಗ್ರಾಮುಗಳ ದೋಷ ಹುಡುಕುವ ಪರೀಕ್ಷಕಿಯ ಹುದ್ದೆ. ಹಾಲಿನ ಲೆಕ್ಕ ನಿಂತುಹೋದ ಕಥೆಯನ್ನೇ ಸಂದರ್ಶನದಲ್ಲಿ ಅರ್ಧಗಂಟೆ ಕೇಳಿದರಂತೆ. ಈಗ ಒಂದು ವರ್ಷದ ತರುವಾಯ ಆಕೆಗೆ ಪ್ರೋಗ್ರಾಮ್ ಬರೆಯುವ ವಿಭಾಗದಲ್ಲಿ ಸ್ಥಾನ ದೊರೆತಿದೆ.

ನಮ್ಮ ಶಾಲೆಯ ಗ್ರಂಥಾಲಯದ ಪುಸ್ತಕಪಟ್ಟಿ ಇನ್ನೂ ಕೈಬರಹದಲ್ಲಿದೆ. ಅದನ್ನು ಕಂಪ್ಯೂಟರಿಗೆ ಅಳವಡಿಸಲು ಬಯಸುವ ಹಳೆಯ ವಿದ್ಯಾರ್ಥಿಗಳು ಶನಿವಾರ ಮಧ್ಯಾಹ್ನ ಬಂದು ನಮ್ಮನ್ನು ಕಾಣಬಹುದು.