ಮಗೂ, ಆ ನೀರು ಕಾವೇರಿಯಲ್ಲ

ಸರಸ್ವತಿಪುರಂ, ಮೈಸೂರು

ಚಿ. ನಿಖಿಲ,

ಪರೀಕ್ಷೆ ಮುಗಿದೊಡನೆ ಗ್ಲಾಸ್ಗೋದ ಗೆಳೆಯರ ಜೊತೆ ಲಾಕ್ ಲೋಮಂಡ್ ಸರೋವರದಲ್ಲಿ ಈಜುವ ಆಸೆ ಅಂತ ಬರೆದಿದ್ದೀಯ. ಬೇಡ ಅನ್ನಲಾರೆ. ನಮ್ಮ ವಿಶ್ವವಿದ್ಯಾನಿಲಯದ ಈಜುಕೊಳದಲ್ಲಿ ನಿನ್ನನ್ನು ಮೊದಲು ನೀರಿಗೆ ಇಳಿಸಿದವನೇ ನಾನಲ್ಲವೆ?

ಕಾವೇರಿಯ ಬಲಮುರಿಯಲ್ಲಿ ನಿನಗೆ ಸೆಳವು, ಸುಳಿ, ಪಾಚಿಗಟ್ಟಿದ ಬಂಡೆ ಎಲ್ಲ ತೋರಿಸಿದ್ದೆ. ಕನ್ನಂಬಾಡಿ ಕಟ್ಟೆಯಲ್ಲಿ ನೀರು ಬಿಟ್ಟರೆ ಹೊಳೆ ಹೇಗೆ ಏರುತ್ತದೆ ಅಂತಲೂ ಹೇಳಿದ್ದೆ. ನೀರಿನ ಚಳಿಯ ಮಾತು ಅಲ್ಲಿ ಬರಲೇ ಇಲ್ಲ. ಧನುರ್ಮಾಸದ ಬೆಳಗಿನಲ್ಲೂ ನಮ್ಮ ಕಾವೇರಿ 20 ಡಿಗ್ರಿಗಿಂತ ಬಹಳ ಕೆಳಗೆ ಹೋಗುವುದು ಅಪರೂಪ. ನೀನಿರುವ ಕಡೆ ಸೆಳವಿಲ್ಲದ ನೀರೂ ಅಪಾಯವೇ. ಮೇ ತಿಂಗಳಲ್ಲಿ ಬಿಸಿಲು ಹಿತವಾಗಿದ್ದರೂ ಅಷ್ಟು ಆಳದ ಸರೋವರ ಇನ್ನೂ ಕಾದಿರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖ ಕಸಿಯುತ್ತದೆ. ಅಂತರರಾಷ್ಟ್ರೀಯ ತೆರೆನೀರಿನ ಸ್ಪರ್ಧೆಗಳಲ್ಲೇ 18 ಡಿಗ್ರಿಗಿಂತ ಕೆಳಗೆ ಮೈ ಬೆಚ್ಚಗಿಡುವ ವೆಟ್‌ಸೂಟ್ ಕಡ್ಡಾಯ. 16ಕ್ಕಿಂತ ಕೆಳಗಾದರೆ ಸ್ಪರ್ಧೆಯೇ ಇಲ್ಲ.

15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಧುಮುಕಿದವನು ಬೇಡವೆಂದರೂ ಒಮ್ಮೆಲೇ ಉಸಿರು ಒಳಗೆಳೆದುಕೊಳ್ಳುತ್ತಾನೆ. ಆಗ ಬಾಯಿ ನೀರಲ್ಲಿದ್ದರೆ ಎಂಥ ಈಜುಗಾರನೂ ಸೋಲುತ್ತಾನೆ. ಹಿಮದಂಥ ನೀರಿಗೆ ಕೆನಡಾದ ವಿಜ್ಞಾನಿ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಡುವ ಲೆಕ್ಕ 1-10-1: ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ. ಎಷ್ಟೋ ಜನ ಆ ಕೊನೆಯ ಗಂಟೆಯನ್ನು ಕಾಣುವುದೇ ಇಲ್ಲ.

ಆದ್ದರಿಂದ ಧುಮುಕಬೇಡ. ದಡದಿಂದ ಮೆಲ್ಲಗೆ ನಡೆದು ಇಳಿ. ಮುಖಕ್ಕೆ, ಕತ್ತಿಗೆ ನೀರು ಚಿಮುಕಿಸಿಕೋ. ಉಸಿರು ಹತೋಟಿ ತಪ್ಪಿದರೆ ಅಂಗಾತ ತೇಲು. ಅದು ಸರಿಹೋದ ಮೇಲೆ ಮಿಕ್ಕ ಮಾತು. ಮೊದಮೊದಲು ದಡದ ಗುಂಟ, ನಾಲ್ಕೈದು ನಿಮಿಷ ಸಾಕು. ಒಬ್ಬನೇ ಹೋಗಲೇಬೇಡ. ಮೇಲೆ ಬಂದ ನಂತರವೂ ಸ್ವಲ್ಪ ಹೊತ್ತು ಮೈ ಒಳಗೊಳಗೇ ತಣ್ಣಗಾಗುತ್ತಿರುತ್ತದೆ. ಒದ್ದೆ ಬಟ್ಟೆ ಬಿಚ್ಚಿ, ಒರೆಸಿಕೊಂಡು, ಸ್ವೆಟರು, ಟೋಪಿ ಹಾಕಿಕೋ. ಬಿಸಿಯಾಗಿ ಏನಾದರೂ ಕುಡಿ. ನಮ್ಮನೆ ಹಂಡೆ ಎಷ್ಟೇ ನೆನಪಾದರೂ ತಕ್ಷಣ ಬಿಸಿನೀರಿನ ಸ್ನಾನಕ್ಕೆ ಓಡಬೇಡ, ತಲೆಸುತ್ತಿ ಬಿದ್ದೀಯೆ.

ಮುಂದಿನ ಪತ್ರದಲ್ಲಿ ಎಷ್ಟು ದೂರ ಈಜಿದೆ ಅನ್ನುವುದಕ್ಕಿಂತ ಮೊದಲು ನೀರು ಎಷ್ಟು ಡಿಗ್ರಿ ಇತ್ತು ಅಂತ ಬರಿ. ಅಜ್ಜಿ ಕೇಳುವುದು ಅದನ್ನೇ.

ಇತಿ,
ನಿನ್ನ ತಾತ