ಮನೆಸಾಲ, ಮರುಸಾಲ ಮತ್ತು ಅಸುಂಡಿಯ ಎರೆಹೊಲ

ಗದಗ ಸೀಮೆಯ ಅಸುಂಡಿಯಂಥ ಊರುಗಳಿಂದ ಅಮೆರಿಕಕ್ಕೆ ಬಂದು ನೆಲೆಯೂರುತ್ತಿರುವ ಕುಟುಂಬಗಳಿಗೆ ಸಾಲವೆಂಬುದು ಅಪರಿಚಿತ ವಸ್ತುವಲ್ಲ. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ, ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘವೆಂದು ಖ್ಯಾತವಾದ ಕಣಗಿನಹಾಳದ ಸಂಸ್ಥೆಯು ಅದೇ ಸೀಮೆಯದು. ಅಮೆರಿಕದ ಮೊದಲ ಕ್ರೆಡಿಟ್ ಯೂನಿಯನ್ನಿಗೆ ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಸನ್ನದು ದೊರೆತದ್ದು 1909ರಲ್ಲಿ, ನಮ್ಮವರ ತರುವಾಯ. ಅಭಿಮಾನದ ಮಾತು ಹಾಗಿರಲಿ. ಮನೆಸಾಲ ಬೇಕಾದಾಗ, ಸದಸ್ಯರೇ ಒಡೆಯರಾಗಿರುವ ಇಂಥ ಸಂಸ್ಥೆಗಳನ್ನೂ ದೊಡ್ಡ ಬ್ಯಾಂಕುಗಳೊಡನೆ ವಿಚಾರಿಸತಕ್ಕದ್ದೆಂಬುದೇ ನನ್ನ ಅಭಿಪ್ರಾಯ.

ಗೆಳೆಯರು ಸೂಚಿಸಿದ ಒಬ್ಬನೇ ಏಜೆಂಟನ ಬಳಿಗೆ ಹೋಗಿ, ಆತನ ಸೌಜನ್ಯಕ್ಕೆ ಮನಸೋತು, ಹೇಳಿದ ದರಕ್ಕೆ ರುಜು ಹಾಕಿ ಬರುವವರು ನಮ್ಮಲ್ಲಿ ಬಹಳ. ಅರ್ಜಿ ತಲುಪಿದ ಮೂರು ಕೆಲಸದ ದಿನಗಳೊಳಗಾಗಿ ಸಾಲದಾತನು ಮೂರು ಪುಟಗಳ ‘ಲೋನ್ ಎಸ್ಟಿಮೇಟ್’ ಪತ್ರವನ್ನು ಕೊಡಲೇಬೇಕೆಂದು ಕಾನೂನಿರುವಾಗ, ಮೂರು ನಾಲ್ಕು ಕಡೆಗಳಿಂದ ಒಂದೇ ದಿನದ, ಒಂದೇ ಮೊತ್ತದ, ಒಂದೇ ಅವಧಿಯ ಪತ್ರಗಳನ್ನು ತರಿಸಿ ಎದುರುಬದುರಿಟ್ಟು ಓದುವುದಕ್ಕಿಂತ ಮಿಗಿಲಾದ ಪರೀಕ್ಷೆ ಬೇರೊಂದಿಲ್ಲ. ದರದ ಅಂಕಿಯೊಂದನ್ನೇ ನೋಡಿ ಮರುಳಾಗಬಾರದು: ದರವನ್ನಿಳಿಸಲು ತೆರುವ ಒಂದು ‘ಪಾಯಿಂಟ್’ ಎಂದರೆ ಸಾಲದ ಶೇಕಡಾ 1, ಅಂದರೆ 4 ಲಕ್ಷ ಡಾಲರಿಗೆ 4,000 ಡಾಲರ್. ಸಾಲದಾತನು ತನಗಾಗಿ ವಿಧಿಸುವ ಶುಲ್ಕವೆಲ್ಲ ಎರಡನೆಯ ಪುಟದ ‘ಎ’ ವಿಭಾಗದಲ್ಲಿರುತ್ತದೆ. ಚೌಕಾಸಿಗೆ ಅದೇ ಸ್ಥಳ. ಹಲವರಲ್ಲಿ ವಿಚಾರಿಸಿದರೆ ಕ್ರೆಡಿಟ್ ಸ್ಕೋರ್ ಕುಸಿದೀತೆಂಬ ಭಯವೂ ಬೇಡ. 45 ದಿನಗಳೊಳಗಿನ ಮನೆಸಾಲದ ವಿಚಾರಣೆಗಳೆಲ್ಲ ಒಂದೇ ಎಂದು ಪರಿಗಣಿತವಾಗುತ್ತವೆ.

ಎಚ್-1ಬಿ ಉದ್ಯೋಗ ವೀಸಾದಲ್ಲಿರುವವರಿಗೆ ಸರ್ಕಾರಿ ವಿಮೆಯುಳ್ಳ ಎಫ್‌ಎಚ್‌ಎ ಸಾಲದ ಬಾಗಿಲು 2025ರ ಮೇ 25ರಿಂದ ಮುಚ್ಚಿದೆ. ಸಾಮಾನ್ಯ ‘ಕನ್ವೆನ್ಷನಲ್’ ಸಾಲವುಂಟು. ಮನೆಯ ಮುಂಗಡಕ್ಕೆಂದು ಊರಿನಿಂದ ತಂದೆಯವರು ಹಣ ಕಳಿಸಿದರೆ ಅದು ದಾನವೆಂಬ ಪತ್ರವೂ ಬ್ಯಾಂಕಿನ ದಾಖಲೆಯೂ ಜೊತೆಗಿರಲಿ.

ಇನ್ನು ‘ಕ್ಯಾಶ್-ಔಟ್’ ಮರುಸಾಲ. ಹಳೆಯ ಸಾಲವನ್ನು ತೀರಿಸಿ, ಅದಕ್ಕಿಂತ ದೊಡ್ಡದಾದ ಹೊಸ ಸಾಲವನ್ನು ಅದೇ ಮನೆಯ ಮೇಲೆ ಹೊತ್ತು, ಮಿಕ್ಕ ಹಣವನ್ನು ಕೈಗೆ ಪಡೆಯುವ ಈ ಏರ್ಪಾಟಿನಲ್ಲಿ ಹೊಸ ದರವು ಹೆಚ್ಚುವರಿ ಹಣಕ್ಕಷ್ಟೇ ಅಲ್ಲದೆ ಇಡೀ ಸಾಲಕ್ಕೆ ಅನ್ವಯಿಸುವುದರಿಂದ, 2020-21ರಲ್ಲಿ ಶೇಕಡಾ 3ರ ಆಸುಪಾಸಿನಲ್ಲಿ ಸಾಲ ಪಡೆದ ಹಿರಿಯ ನಿವಾಸಿಗಳು ಆ ಹಳೆಯ ಸಾಲವನ್ನು ಕೈಬಿಡುವುದು ಅವಿವೇಕವೇ ಸರಿ; ಮೊದಲ ಸಾಲವನ್ನು ಮುಟ್ಟದ ‘ಹೋಮ್ ಈಕ್ವಿಟಿ’ ಸಾಲವನ್ನು ಮೊದಲು ವಿಚಾರಿಸಬೇಕು. ಹಣವು ಆ ಮನೆಯ ಅಭಿವೃದ್ಧಿಗೇ ವಿನಿಯೋಗವಾಗದಿದ್ದರೆ, ಹೆಚ್ಚುವರಿ ಮೊತ್ತದ ಬಡ್ಡಿಗೆ ಮನೆಸಾಲದ ತೆರಿಗೆ ರಿಯಾಯಿತಿಯೂ ದೊರೆಯದು.

ಆ ಹಣದಲ್ಲಿ ಅಸುಂಡಿಯ ಕಡೆ ನಾಲ್ಕೆಕರೆ ಎರೆಹೊಲ ಕೊಳ್ಳೋಣವೆಂಬ ಆಸೆ ಸಹಜವಾದುದು, ನನಗೂ ಪ್ರಿಯವಾದುದು. ಆದರೆ ಅನಿವಾಸಿಗಳೂ ಓಸಿಐ ಕಾರ್ಡುದಾರರೂ ಕೃಷಿಭೂಮಿಯನ್ನು ಕ್ರಯಕ್ಕೆ ಪಡೆಯುವುದಕ್ಕೆ ವಿದೇಶಿ ವಿನಿಮಯ ಕಾಯಿದೆಯ ನಿಯಮಗಳಲ್ಲಿ ಆಸ್ಪದವಿಲ್ಲ. ವಾರಸಾಗಿ ಬರಬಹುದು, ಊರಿನಲ್ಲಿ ಮನೆಯನ್ನು ಕೊಳ್ಳಬಹುದು, ಅಷ್ಟೆ. ಇದು ತಿಳಿಯುವಷ್ಟರಲ್ಲಿ ಮರುಸಾಲದ ಪತ್ರಕ್ಕೆ ರುಜು ಬಿದ್ದಿದ್ದರೆ, ಅದು ತಾವೇ ವಾಸಿಸುವ ಮನೆಯ ಮೇಲೆ ಹೊಸ ಸಾಲದಾತನಿಂದ ಪಡೆದದ್ದಾದರೆ, ಮೂರನೆಯ ಕೆಲಸದ ದಿನದ ಮಧ್ಯರಾತ್ರಿಯವರೆಗೂ ಲಿಖಿತವಾಗಿ ತಿಳಿಸಿ ಅದನ್ನು ರದ್ದುಪಡಿಸಿಕೊಳ್ಳಬಹುದು. ಈ ಲೆಕ್ಕದಲ್ಲಿ ಶನಿವಾರವೂ ಕೆಲಸದ ದಿನವೇ.